ಆರು ಟಬ್ಬಿನಲ್ಲಿ ಸಮುದ್ರ: ಗಾಳಿಯಿಂದ ಸಾರಜನಕ ಹಿಡಿಯೋ ಪಾಚಿಗೆ ಏನು ಕಮ್ಮಿ ಬಿತ್ತು ಅಂತ ಪತ್ತೆ ಮಾಡೋದು ಹೇಗೆ

ಪಿಯುಸಿ ಮಕ್ಕಳಿಂದ ಈ ಪ್ರಯೋಗವನ್ನು ಮೊದಲ ಸಲ ಮಾಡಿಸಿದಾಗ ಅದು ಪೂರ್ತಿ ಕೈಕೊಟ್ಟಿತು. ಕಲಬುರಗಿಯ ನಮ್ಮ ಕಾಲೇಜಿನ ಮಾಳಿಗೆ ಮೇಲೆ ಆರು ಟಬ್ಬಿಗೆ ನೀರು ತುಂಬಿ, ಈ ಪಾಚಿಯನ್ನು ಎಲೆಯೊಳಗೆ ಇಟ್ಟುಕೊಂಡ ಒಂದು ತೇಲುವ ಗಿಡ ಬಿಟ್ಟಿದ್ದೆವು. ಒಂದಕ್ಕೆ ರಂಜಕ ಇಲ್ಲ, ಇನ್ನೊಂದಕ್ಕೆ ಕಬ್ಬಿಣ ಇಲ್ಲ. ಹತ್ತು ದಿನ ಕಳೆದರೂ ಆರಕ್ಕೆ ಆರೂ ಒಂದೇ ಹಸಿರು. "ಸರ, ಇವಕ್ಕ ಏನೂ ಬ್ಯಾಡಂತ ಕಾಣ್ತದ್ರೀ" ಅಂತ ಹಿಂದಿನ ಬೆಂಚಿನ ಹುಡುಗ ನಕ್ಕ. ಆಮೇಲೆ ಇನ್ನೂ ಎರಡು ಸಲ ಮಾಡಿದೆವು. ಎಲ್ಲೆಲ್ಲಿ ಎಡವಿದೆವು ಅಂತ ಈಗ ಗೊತ್ತಿದೆ, ಅದಕ್ಕೇ ಬರೆಯುತ್ತಿದ್ದೇನೆ.

ವಿಷಯ ಸಮುದ್ರದ್ದು. ನಡುಸಮುದ್ರದ ಮೇಲ್ನೀರಿನಲ್ಲಿ ಸಾರಜನಕದ ಗೊಬ್ಬರ ಬಹಳ ಕಮ್ಮಿ. ಅಲ್ಲಿ ಟ್ರೈಕೊಡೆಸ್ಮಿಯಂ ಅನ್ನೋ ನೀಲಿ-ಹಸಿರು ಪಾಚಿ ಇದೆ. ಇದನ್ನೇ ಸಯಾನೋಬ್ಯಾಕ್ಟೀರಿಯಾ ಅಂತಲೂ ಕರೆಯುತ್ತಾರೆ. ಕೂದಲಿನಂಥ ಎಳೆಗಳು ಕಟ್ಟುಕಟ್ಟಾಗಿ ಸೇರಿ ಬರಿಗಣ್ಣಿಗೆ ಕಾಣುವಷ್ಟು ದೊಡ್ಡದಾಗುತ್ತವೆ. ನೀರಿನ ಮೇಲೆ ಕಟ್ಟಿಗೆ ಕೊಯ್ದ ಹೊಟ್ಟು ಚೆಲ್ಲಿದ ಹಾಗೆ ತೇಲುತ್ತವೆ. ಕ್ಯಾಪ್ಟನ್ ಕುಕ್‌ನ ಹಡಗಿನವರು ಇದನ್ನು 'ಸಮುದ್ರದ ಹೊಟ್ಟು' ಅಂತಲೇ ಕರೆದರು. ನಮ್ಮ ಕರಾವಳಿಯಲ್ಲೂ ಫೆಬ್ರುವರಿಯಿಂದ ಮೇ ವರೆಗೆ, ಸಮುದ್ರ ಶಾಂತವಾಗಿದ್ದಾಗ, ಕಂದು ಪಟ್ಟಿಗಳಾಗಿ ಕಾಣಿಸಿಕೊಳ್ಳುತ್ತದೆ. ಇದು ಗಾಳಿಯ ಸಾರಜನಕವನ್ನೇ ಹಿಡಿದು ತಿನ್ನುತ್ತದೆ. ಗಾಳಿಯಲ್ಲಿ ಸಾರಜನಕ ಶೇ. 78 ಇದೆ, ಅದಕ್ಕೆ ಕೊರತೆ ಅಂತ ಇಲ್ಲ. ಹಾಗಾದರೆ ಈ ಪಾಚಿ ಇಡೀ ಸಮುದ್ರ ತುಂಬಿಕೊಳ್ಳದೆ ಇರೋದು ಯಾಕೆ? ಏನು ಅದರ ಕೈ ಕಟ್ಟುತ್ತದೆ?

ಬಹಳ ಕಡೆ ಉತ್ತರ ಎರಡು: ರಂಜಕ ಮತ್ತು ಕಬ್ಬಿಣ.

ಟ್ರೈಕೊಡೆಸ್ಮಿಯಂ ಅನ್ನು ಕಲಬುರಗಿಗೆ ತಂದು ಸಾಕೋದು ಆಗದ ಮಾತು. ಲ್ಯಾಬಿನಲ್ಲೂ ಅದು ಸಿಟ್ಟಿನ ಜೀವಿ. ಆದರೆ ಅದರ ದೂರದ ಸಂಬಂಧಿ ನಮ್ಮ ಎಮ್ಮೆ ಕಟ್ಟುವ ಮನೆಗಳಲ್ಲೇ ಇದೆ. ಅಜೋಲ್ಲಾ ಅನ್ನೋ ಪುಟ್ಟ ತೇಲುವ ಜರೀಗಿಡದ ಎಲೆಯೊಳಗೆ ಅನಾಬೀನಾ ಜಾತಿಯ ನೀಲಿ-ಹಸಿರು ಪಾಚಿ ಬಾಡಿಗೆಗೆ ಕೂತಿರುತ್ತದೆ. ಬಾಡಿಗೆ ಸಾರಜನಕದ ರೂಪದಲ್ಲಿ ಸಂದಾಯ. ನಾವು ಸಾಕೋದು ಇದನ್ನೇ.

ಶುರು ಮಾಡುವ ಮುಂಚೆ: ಒಂದು ತೊಗರಿ ಗಿಡ

ಆಗಸ್ಟ್ ಹೊತ್ತಿಗೆ ಯಾವುದಾದರೂ ತೊಗರಿ ಹೊಲಕ್ಕೆ ಮಕ್ಕಳನ್ನು ಕರೆದುಕೊಂಡು ಹೋಗಿ. ನಮ್ಮ ಸೀಮೆಯಲ್ಲಿ ಅದನ್ನು ಹುಡುಕಬೇಕಾಗಿಲ್ಲ, ಅಲ್ವಾ? ಒಂದು ಗಿಡವನ್ನು ಸಲಿಕೆಯಿಂದ ಮಣ್ಣು ಸಮೇತ ಎತ್ತಿ. ಕಿತ್ತರೆ ಬೇರಿನ ಗಂಟುಗಳು, ಅಂದರೆ ಗಾಳಿಯ ಸಾರಜನಕ ಹಿಡಿಯೋ ಬ್ಯಾಕ್ಟೀರಿಯಾಗಳ ಮನೆಗಳು, ನೆಲದಲ್ಲೇ ಉಳಿಯುತ್ತವೆ. ಬಕೆಟ್ ನೀರಿನಲ್ಲಿ ಬೇರು ಆಡಿಸಿ ತೊಳೆದು, ಒಂದು ಗಂಟನ್ನು ಉಗುರಿನಿಂದ ಸೀಳಿ. ಒಳಗೆ ಗುಲಾಬಿ ಬಣ್ಣ ಕಂಡರೆ ಅದು ದುಡಿಯುತ್ತಿರೋ ಗಂಟು. ಹಸಿರು ಅಥವಾ ಬೂದು ಆಗಿದ್ದರೆ ಕೆಲಸ ನಿಲ್ಲಿಸಿದೆ ಅಂತ ಅರ್ಥ. ಆ ಗುಲಾಬಿ ನಮ್ಮ ರಕ್ತದ ಕೆಂಪಿಗೆ ನೆಂಟ. ಎರಡರಲ್ಲೂ ಕಬ್ಬಿಣ ಇದೆ.

ಸಾರಜನಕ ಹಿಡಿಯುವ ಕಿಣ್ವದ ಹೆಸರು ನೈಟ್ರೋಜಿನೇಸ್. ತೊಗರಿಯ ಗಂಟಿನಲ್ಲಿರಲಿ, ಅಜೋಲ್ಲಾದಲ್ಲಿರಲಿ, ಸಮುದ್ರದಲ್ಲಿರಲಿ, ಯಂತ್ರ ಅದೇ. ಅದರಲ್ಲಿ ಎರಡು ತುಂಡು. ದೊಡ್ಡ ತುಂಡಿನಲ್ಲಿ 30 ಕಬ್ಬಿಣದ ಪರಮಾಣು, 2 ಮಾಲಿಬ್ಡಿನಂ. ಸಣ್ಣದರಲ್ಲಿ 4 ಕಬ್ಬಿಣ. ಸಮುದ್ರದಲ್ಲಿ ಮಾಲಿಬ್ಡಿನಂ ಬೇಕಾದಷ್ಟಿದೆ. ಕಬ್ಬಿಣದ್ದೇ ಗೋಳು. ನಡುಸಮುದ್ರದ ಮೇಲ್ನೀರಿನಲ್ಲಿ ಕರಗಿರೋ ಕಬ್ಬಿಣ ಎಷ್ಟು ಕಮ್ಮಿ ಅಂದರೆ, 1000 ಟನ್ ನೀರು ಸೋಸಿದರೂ ಒಂದು ಗುಂಡುಪಿನ್ನಿನಷ್ಟು ಸಿಗೋದು ಕಷ್ಟ.

ಹೆಜ್ಜೆ 1: ಕಾಲ ಮತ್ತು ಜಾಗ

ಮಾರ್ಚ್‌ನಿಂದ ಮೇ ವರೆಗೆ ಮಾಡಬೇಡಿ. 40 ದಾಟಿದ ಬಿಸಿಲಿಗೆ ಅಜೋಲ್ಲಾ ಬೆಂದ ಸೊಪ್ಪಾಗುತ್ತದೆ. ಜುಲೈಯಿಂದ ನವೆಂಬರ್ ಒಳ್ಳೆಯದು. ಡಿಸೆಂಬರ್‌ನಲ್ಲೂ ಮಾಡಬಹುದು, ಆದರೆ ಚಳಿಗೂ ಅಜೋಲ್ಲಾ ಕೆಂಪಾಗುತ್ತದೆ. ಕಡು ಬಿಸಿಲಿಗೂ ಕೆಂಪಾಗುತ್ತದೆ. ಆಗ ಯಾವ ಕೆಂಪು ರಂಜಕದ ಕೊರತೆಯದು, ಯಾವುದು ಹವಾಮಾನದ್ದು ಅಂತ ಗೊಂದಲ. ಅದಕ್ಕೇ ಹಸಿರು ಶೇಡ್‌ನೆಟ್ ಕೆಳಗೆ, ಆರೂ ಟಬ್ಬಿಗೆ ಒಂದೇ ನೆರಳು ಬೀಳುವ ಹಾಗೆ ಇಡಿ.

ಹೆಜ್ಜೆ 2: ಅಜೋಲ್ಲಾ

ಹೈನುಗಾರರ ಹತ್ತಿರ ಕೇಳಿ, ಇಲ್ಲವೇ ಕೃಷಿ ವಿಜ್ಞಾನ ಕೇಂದ್ರದಲ್ಲಿ. ಎರಡು ಹಿಡಿ ಸಾಕು. ತಂದ ತಕ್ಷಣ ಶುದ್ಧ ನೀರಿನಲ್ಲಿ ಮೂರು ಸಲ ಜಾಲಿಸಿ. ಅದರ ಜೊತೆ ಸಗಣಿ ಬಗ್ಗಡ, ಸೂಪರ್ ಫಾಸ್ಫೇಟ್ ಎಲ್ಲಾ ಅಂಟಿಕೊಂಡು ಬಂದಿರುತ್ತವೆ.

ಶಹಾಪುರ, ಸುರಪುರ ಕಡೆಯವರಾದರೆ ಕಾಲುವೆ ನೀರಿನ ಭತ್ತದ ಗದ್ದೆಯಿಂದ ನೇರವಾಗಿ ಪಾಚಿಯನ್ನೇ ತರಬಹುದು ಅನ್ನಿಸಬಹುದು. ಗದ್ದೆ ನೀರಿನ ನೀಲಿ-ಹಸಿರು ಪಾಚಿ ಸಾರಜನಕ ಹಿಡಿಯುತ್ತದೆ ಅಂತ ವಿಜ್ಞಾನಿ ಪಿ. ಕೆ. ಡೇ ಅವರು 1939ರಲ್ಲೇ ತೋರಿಸಿದ್ದಾರೆ. ನಿಜ, ಆದರೆ ಅದರಲ್ಲಿ ಹತ್ತು ಜಾತಿ ಬೆರೆತಿರುತ್ತದೆ, ತೂಕ ಮಾಡೋಕೆ ಕೈಗೆ ಸಿಗಲ್ಲ. ಮೊದಲ ಸಲಕ್ಕೆ ಅಜೋಲ್ಲಾನೇ ವಾಸಿ.

ಹೆಜ್ಜೆ 3: ನೀರು ಮತ್ತು ಬಾಟಲಿಗಳು

ಬೋರ್ ನೀರು ಬೇಡ. ನಮ್ಮಲ್ಲಿ ಅದು ಗಡಸು, ಸುಣ್ಣ ಜಾಸ್ತಿ. 20 ಲೀಟರಿನ ಆರ್‌ಒ ಕ್ಯಾನ್ ಒಂದು ತನ್ನಿ, ಮುಗಿದ ಹಾಗೆ ಮತ್ತೊಂದು. ಪ್ರತಿ ಕ್ಯಾನಿಗೂ ಇವಿಷ್ಟು ಹಾಕಿ:

ಮೆಗ್ನೀಸಿಯಂ ಸಲ್ಫೇಟ್ 8 ಗ್ರಾಂ. ಹತ್ತಿ ಎಲೆ ಕೆಂಪಾದರೆ ಹೊಡೆಯುತ್ತಾರಲ್ಲ, ಅದೇ. ಪೊಟ್ಯಾಷಿಯಂ ಸಲ್ಫೇಟ್ 2 ಗ್ರಾಂ, ಗೊಬ್ಬರದ ಅಂಗಡಿಯಲ್ಲಿ ಸಿಗುತ್ತದೆ. ಕ್ಯಾಲ್ಸಿಯಂ ಕ್ಲೋರೈಡ್ 3 ಗ್ರಾಂ, ಇದು ಕೆಮಿಸ್ಟ್ರಿ ಲ್ಯಾಬಿನಿಂದ. ಒಂದೊಂದನ್ನೂ ಬೇರೆ ಬೇರೆ ಲೋಟದಲ್ಲಿ ಕರಗಿಸಿ ಆಮೇಲೆ ಕ್ಯಾನಿಗೆ ಸುರಿಯಿರಿ. ಎಲ್ಲವನ್ನೂ ಒಂದೇ ಲೋಟಕ್ಕೆ ಹಾಕಿದರೆ ತಳದಲ್ಲಿ ಬಿಳಿ ಗಸಿ ಕೂರುತ್ತದೆ. ಅದು ಜಿಪ್ಸಂ.

ಆಮೇಲೆ ಮೂರು ಸಣ್ಣ ಬಾಟಲಿ.

ರಂಜಕದ ಬಾಟಲಿ: 0-52-34 ಅಂತ ಮಾರುವ ಗೊಬ್ಬರ 9 ಗ್ರಾಂ, 100 ಮಿ.ಲೀ. ನೀರಿನಲ್ಲಿ. ಇದರಲ್ಲಿ ಸಾರಜನಕ ಸೊನ್ನೆ. ಹೆಸರಿನ ಮೊದಲ ಅಂಕಿಯೇ ಅದನ್ನು ಹೇಳುತ್ತದೆ. ಡಿಎಪಿ ಬಳಸಿದರೆ ಸಾರಜನಕವೂ ಸೇರಿ ಪ್ರಯೋಗವೇ ಹಾಳು.

ಕಬ್ಬಿಣದ ಬಾಟಲಿ: ಶೇ. 12ರ ಕಬ್ಬಿಣದ ಇಡಿಟಿಎ ಪುಡಿ 1.7 ಗ್ರಾಂ, 100 ಮಿ.ಲೀ. ನೀರಿನಲ್ಲಿ. ಇಡಿಟಿಎ ಅಂದರೆ ಕಬ್ಬಿಣ ತಳ ಸೇರದ ಹಾಗೆ ಹಿಡಿದಿಡೋ ವಸ್ತು.

ಚಿಲ್ಲರೆ ಬಾಟಲಿ: ಒಂದು ಲೀಟರಿಗೆ ಬೋರಿಕ್ ಆಸಿಡ್ 1.1 ಗ್ರಾಂ, ಮ್ಯಾಂಗನೀಸ್ ಸಲ್ಫೇಟ್ 1.5 ಗ್ರಾಂ, ಸೋಡಿಯಂ ಮಾಲಿಬ್ಡೇಟ್ 0.4 ಗ್ರಾಂ, ಸತು ಮತ್ತು ತಾಮ್ರದ ಸಲ್ಫೇಟ್ ತಲಾ 0.05 ಗ್ರಾಂ. ಇದರಲ್ಲಿ 20 ಮಿ.ಲೀ. ತೆಗೆದು ದೊಡ್ಡ ಕ್ಯಾನಿಗೆ ಹಾಕಿ. ಅಂಗಡಿಯಲ್ಲಿ ಸಿಗುವ ರೆಡಿ ಲಘು ಪೋಷಕಾಂಶದ ಪ್ಯಾಕೆಟ್ ತರಬೇಡಿ. ಅದರಲ್ಲಿ ಕಬ್ಬಿಣ ಇದ್ದೇ ಇರುತ್ತದೆ.

ಹೆಜ್ಜೆ 4: ಉಪವಾಸ

ನಮ್ಮ ಮೊದಲ ಸೋಲು ಇಲ್ಲಿ. ಅಜೋಲ್ಲಾ ಇರಲಿ, ಸಮುದ್ರದ ಪಾಚಿ ಇರಲಿ, ಸುಗ್ಗಿಯಲ್ಲಿ ಕಣಜ ತುಂಬಿಕೊಳ್ಳೋ ಜಾತಿ. ರಂಜಕ ಸಿಕ್ಕಾಗ ಬೇಕಾದ್ದಕ್ಕಿಂತ ಜಾಸ್ತಿ ನುಂಗಿ ಒಳಗೆ ಇಟ್ಟುಕೊಳ್ಳುತ್ತದೆ. ನೀರಿನಲ್ಲಿ ರಂಜಕ ಇಲ್ಲದಿದ್ದರೂ ಆ ಬುತ್ತಿ ಬಿಚ್ಚಿಕೊಂಡು ಎರಡು-ಮೂರು ಪೀಳಿಗೆ ದಾಟಿಸುತ್ತದೆ. ನಾವು ನೋಡಿದ ಹತ್ತು ದಿನದ ಹಸಿರು ಎಮ್ಮೆ ಮನೆಯ ಸೂಪರ್ ಫಾಸ್ಫೇಟಿನ ಹಸಿರು.

ಅದಕ್ಕೇ ಜಾಲಿಸಿದ ಅಜೋಲ್ಲಾವನ್ನು ಒಂದು ವಾರ ಕ್ಯಾನಿನ ಬರೀ ನೀರಿನಲ್ಲಿ ಇಡಿ. ರಂಜಕವೂ ಬೇಡ, ಕಬ್ಬಿಣವೂ ಬೇಡ. ಸ್ವಲ್ಪ ಸಪ್ಪಗಾದ ಮೇಲೆ ಟಬ್ಬಿಗೆ ಹಾಕಿ.

ಹೆಜ್ಜೆ 5: ಆರು ಟಬ್ಬು

ಬಿಳಿ ಪ್ಲಾಸ್ಟಿಕ್ ಟಬ್ಬುಗಳೇ ಇರಲಿ, ಬಣ್ಣ ಚೆನ್ನಾಗಿ ಕಾಣುತ್ತದೆ. ಪ್ರತಿಯೊಂದಕ್ಕೂ 2 ಲೀಟರ್ ಕ್ಯಾನಿನ ನೀರು. ರಂಜಕ, ಕಬ್ಬಿಣ ಹಾಕುವಲ್ಲಿ ಲೀಟರಿಗೆ 1 ಮಿ.ಲೀ., ಅಂದರೆ ಟಬ್ಬಿಗೆ 2 ಮಿ.ಲೀ.

1ನೇ ಟಬ್ಬು: ರಂಜಕ, ಕಬ್ಬಿಣ ಎರಡೂ.
2ನೇ ಟಬ್ಬು: ಕಬ್ಬಿಣ ಮಾತ್ರ.
3ನೇ ಟಬ್ಬು: ರಂಜಕ ಮಾತ್ರ.
4ನೇ ಟಬ್ಬು: ಎರಡೂ ಇಲ್ಲ.
5ನೇ ಟಬ್ಬು: ಎರಡೂ, ಜೊತೆಗೆ 0.1 ಗ್ರಾಂ ಯೂರಿಯಾ.
6ನೇ ಟಬ್ಬು: ಎರಡೂ ಇಲ್ಲ, ಆದರೆ ಒಂದು ಚಮಚ ಬೀದರಿನ ಕೆಂಪು ಮಣ್ಣು.

ಆರನೆಯದು ನಮ್ಮ ಸ್ವಂತ ಚಟ. ಅದರ ಕತೆ ಕೊನೆಗೆ ಹೇಳುತ್ತೇನೆ. ಪ್ರತಿ ಟಬ್ಬಿಗೂ ತೂಗಿ 5 ಗ್ರಾಂ ಅಜೋಲ್ಲಾ ಹಾಕಿ. ವಾರಕ್ಕೊಮ್ಮೆ ನೀರು ಚೆಲ್ಲಿ, ಅದದೇ ಲೆಕ್ಕದಲ್ಲಿ ಹೊಸ ನೀರು ಕೊಡಿ. 6ನೇ ಟಬ್ಬಿನಲ್ಲಿ ಮೇಲಿನ ನೀರು ಮಾತ್ರ ಬಗ್ಗಿಸಿ, ತಳದ ಮಣ್ಣು ಹಾಗೇ ಇರಲಿ.

ಹೆಜ್ಜೆ 6: ಕಬ್ಬಿಣ ಒಳಗೆ ಬರದ ಹಾಗೆ ಕಾಯೋದು

ಎರಡನೇ ಸಲ ಉಪವಾಸ ಎಲ್ಲಾ ಸರಿಯಾಗಿ ಮಾಡಿದೆವು. ರಂಜಕ ಇಲ್ಲದ ಟಬ್ಬು ಕೆಂಪಾಯಿತು, ಎಲ್ಲರೂ ಖುಷಿ. ಆದರೆ ಕಬ್ಬಿಣ ಇಲ್ಲದ 3ನೇ ಟಬ್ಬು ಹಸಿರಾಗೇ ಇತ್ತು. ಮೂರನೇ ವಾರ ಒಬ್ಬ ಹುಡುಗಿ ಸೊಳ್ಳೆ ಪರದೆ ಎತ್ತಿ ತೋರಿಸಿದಳು. ಗಾಳಿಗೆ ಹಾರದಿರಲಿ ಅಂತ ಪರದೆಯನ್ನು ಸೆಂಟ್ರಿಂಗ್ ಕೆಲಸದ ಬೈಂಡಿಂಗ್ ತಂತಿಯಿಂದ ಕಟ್ಟಿದ್ದೆವು. ತಂತಿ ತುಕ್ಕು ಹಿಡಿದಿತ್ತು. ರಾತ್ರಿ ಇಬ್ಬನಿ ಆ ತುಕ್ಕಿನ ಮೇಲೆ ಕೂತು, ಹನಿ ಹನಿಯಾಗಿ ಸೀದಾ ಟಬ್ಬಿಗೆ. ಟಬ್ಬಿನ ಅಂಚಿನಲ್ಲಿ ಒಂದು ಕಿತ್ತಳೆ ಗೆರೆ. ಕಟ್ಟಿದವನು ನಾನೇ.

ಬೇಜಾರಾಯಿತು, ಆದರೆ ಸಮುದ್ರದ ನೀರು ಅಳೆಯೋ ದೊಡ್ಡ ವಿಜ್ಞಾನಿಗಳಿಗೂ ಇದೇ ಆಗಿದೆ. ಹಡಗೇ ಕಬ್ಬಿಣದ್ದು. ಹಗ್ಗ, ರಾಟೆ, ಬಾಟಲಿ, ಧೂಳು ಎಲ್ಲದರಿಂದಲೂ ಕಬ್ಬಿಣ ಬೆರೆತು, ಸಮುದ್ರದಲ್ಲಿ ಕಬ್ಬಿಣ ಸಾಕಷ್ಟಿದೆ ಅಂತ ಬಹಳ ಕಾಲ ಅಳತೆಗಳು ತಪ್ಪು ಹೇಳಿದವು. ಅಮೆರಿಕದ ಜಾನ್ ಮಾರ್ಟಿನ್ ಮತ್ತು ಜೊತೆಗಾರರು 1980ರ ದಶಕದಲ್ಲಿ ಅತಿ ಶುಚಿಯಾಗಿ ನೀರು ತೆಗೆದು ಅಳೆದಾಗಲೇ ಸಮುದ್ರ ಎಷ್ಟು ಬಡವ ಅಂತ ಜಗತ್ತಿಗೆ ಮನವರಿಕೆಯಾಯಿತು.

ಹಾಗಾಗಿ: ತಂತಿ ಬೇಡ, ನೈಲಾನ್ ದಾರ. ಸ್ಟೀಲ್ ಚಮಚ ಬೇಡ, ಪ್ಲಾಸ್ಟಿಕ್. ಪರದೆ ಎರಡು ಪದರ, ಯಾಕಂದರೆ ನಮ್ಮ ಗಾಳಿಯಲ್ಲಿ ಧೂಳಿಗೆ ಬರವಿಲ್ಲ. ಶಹಾಬಾದ್, ಸೇಡಂ, ವಾಡಿ ಕಡೆಯವರು ಇನ್ನೂ ಹುಷಾರು. ಸಿಮೆಂಟಿನ ಧೂಳು ನೀರಿನ ಪಿಎಚ್ ಏರಿಸುತ್ತದೆ.

ಹೆಜ್ಜೆ 7: ಎಣಿಸಬೇಡಿ, ತೂಗಿ

ಮೊದಮೊದಲು ನಾವು ಗಿಡ ಎಣಿಸುತ್ತಿದ್ದೆವು. ರಂಜಕ ಇಲ್ಲದ ಟಬ್ಬಿನಲ್ಲಿ ಸಂಖ್ಯೆ ಜಾಸ್ತಿಯಾಗುತ್ತಿತ್ತು! ನೋಡಿದರೆ, ಹಸಿದ ಅಜೋಲ್ಲಾ ಚೂರು ಚೂರಾಗಿ ಒಡೆಯುತ್ತದೆ. ಒಂದು ರೊಟ್ಟಿಯನ್ನು ನಾಲ್ಕು ಮಾಡಿದರೆ ನಾಲ್ಕು ರೊಟ್ಟಿ ಆಗಲ್ಲ. ಪ್ಲಾಸ್ಟಿಕ್ ಚಹಾ ಜಾಲರಿಯಲ್ಲಿ ಎತ್ತಿ, ಎರಡು ನಿಮಿಷ ನೀರು ಸೋರಲು ಬಿಟ್ಟು, ಹಳೇ ಹತ್ತಿ ಬಟ್ಟೆಯ ಮೇಲೆ ಮೆಲ್ಲಗೆ ಹರಡಿ, ಪಾಕೆಟ್ ತಕ್ಕಡಿಯಲ್ಲಿ ತೂಗಿ. ವಾರಕ್ಕೊಂದು ಸಲ, ನಾಲ್ಕು ವಾರ. ಜೊತೆಗೆ ಒಂದೇ ಹೊತ್ತಿನಲ್ಲಿ, ಒಂದೇ ಬೆಳಕಿನಲ್ಲಿ ಫೋಟೋ.

ಸಾರಜನಕ ಎಷ್ಟು ಹಿಡಿಯಿತು ಅಂತ ನೇರವಾಗಿ ಅಳೆಯೋಕೆ ವಿಜ್ಞಾನಿಗಳು ಅಸಿಟಿಲೀನ್ ಅನಿಲ ಬಳಸುತ್ತಾರೆ. ನೈಟ್ರೋಜಿನೇಸ್ ಅದನ್ನು ಎಥಿಲೀನ್ ಮಾಡುತ್ತದೆ, ಅದನ್ನು ಯಂತ್ರದಲ್ಲಿ ಅಳೆಯುತ್ತಾರೆ. ಬೆಂಕಿ ಹತ್ತೋ ಅನಿಲ, ಕಾಲೇಜಿನಲ್ಲಿ ಬೇಡವೇ ಬೇಡ. ನೀರಿನಲ್ಲಿ ಸಾರಜನಕದ ಗೊಬ್ಬರ ಹಾಕಿಲ್ಲ. ಆದರೂ ತೂಕ ಏರಿತು ಅಂದರೆ ಹೆಚ್ಚಿನ ಸಾರಜನಕ ಗಾಳಿಯಿಂದಲೇ ಬಂದಿರಬೇಕು. ನಮಗೆ ಅಷ್ಟು ಸಾಕು.

ಹೆಜ್ಜೆ 8: ಟಬ್ಬು ಓದೋದು

ರಂಜಕ ಇಲ್ಲದ 2ನೇ ಟಬ್ಬು: ಎಲೆ ಸಣ್ಣದು, ಅಂಚಿನಿಂದ ಕೆಂಪು, ಬೇರು ಮಾತ್ರ ಉದ್ದುದ್ದ. "ನಮ್ಮ ಹೊಲದಾಗ ಹತ್ತಿ ಕೆಂಪ ಆದಂಗೇ ಆಗ್ಯಾದ ನೋಡ್ರೀ ಸರ" ಅಂದಳು ಒಬ್ಬಳು. ಕಾರಣ ಬೇರೆ, ಕೂಗು ಒಂದೇ. ಬೇರು ಉದ್ದ ಆಗೋದು ಹುಡುಕಾಟ.

ಕಬ್ಬಿಣ ಇಲ್ಲದ 3ನೇ ಟಬ್ಬು: ಕೆಂಪಲ್ಲ, ಹಳದಿ. ಹೊಸ ಎಲೆ ಮೊದಲು ಬಿಳಚುತ್ತದೆ.

ಯೂರಿಯಾದ 5ನೇ ಟಬ್ಬು ನೋಡಿ ಮಕ್ಕಳಿಗೆ ಅಚ್ಚರಿ. ಯೂರಿಯಾ ಕೊಟ್ಟರೂ ಅಜೋಲ್ಲಾ ಒಂದನೇ ಟಬ್ಬಿಗಿಂತ ಹೇಳಿಕೊಳ್ಳುವಷ್ಟು ಮುಂದೆ ಹೋಗಲ್ಲ. ಕೊರತೆ ಇಲ್ಲದ್ದನ್ನು ಕೊಟ್ಟರೆ ಉಪಯೋಗ ಏನು? ಅದರ ಬದಲು ಟಬ್ಬಿನ ನೀರೇ ಹಸಿರಾಯಿತು. ಗಾಳಿಯಿಂದ ಸಾರಜನಕ ಹಿಡಿಯಲಾರದ ಮಾಮೂಲಿ ಪಾಚಿಗಳು ಬಂದು ಕೂತವು. ಸಮುದ್ರದಲ್ಲೂ ಇದೇ ಆಟ. ಸಾರಜನಕ ಸುಮ್ನೆ ಸಿಗೋ ಕಡೆ ಬೇರೆ ಪಾಚಿಗಳು ಮುನ್ನುಗ್ಗುತ್ತವೆ. ಟ್ರೈಕೊಡೆಸ್ಮಿಯಂ ಗೆಲ್ಲೋದು ಬರಡು ನೀರಿನಲ್ಲಿ.

ಹೆಜ್ಜೆ 9: ಇದ್ದೂ ಇಲ್ಲದ ಕಬ್ಬಿಣ, ಎರಡು ಲೋಟದಲ್ಲಿ

ಇದನ್ನು ಬಿಡಬೇಡಿ. ನನ್ನ ಮಟ್ಟಿಗೆ ಇಡೀ ಪಾಠದ ತಿರುಳು ಇಲ್ಲಿದೆ. ಹತ್ತು ರೂಪಾಯಿ ಖರ್ಚಿಲ್ಲ.

ಎರಡು ಗಾಜಿನ ಲೋಟ, ಅರ್ಧರ್ಧ ನೀರು. ಎರಡಕ್ಕೂ ಒಂದೊಂದು ಚಿಟಿಕೆ ಅನ್ನಭೇದಿ, ಅಂದರೆ ಫೆರಸ್ ಸಲ್ಫೇಟ್. ಎರಡನೇ ಲೋಟಕ್ಕೆ ಮಾತ್ರ ಒಂದು ನಿಂಬೆಹಣ್ಣು ಪೂರ್ತಿ ಹಿಂಡಿ, ಸೋಸಿ ಹಾಕಿ. ಆಮೇಲೆ ಎರಡಕ್ಕೂ ಅಡುಗೆ ಸೋಡಾ. ನಿಂಬೆಯ ಲೋಟ ಬುಸುಗುಡುತ್ತದೆ. ನೊರೆ ನಿಲ್ಲುವ ತನಕ ಸ್ವಲ್ಪ ಸ್ವಲ್ಪವೇ ಹಾಕಿ. ಗಂಟೆ ಬಿಟ್ಟು ಬಂದು ನೋಡಿ. ಮೊದಲ ಲೋಟ ಬಗ್ಗಡ. ಕಬ್ಬಿಣ ಕಂದಾಗಿ ತಳ ಸೇರುತ್ತಿದೆ. ನಿಂಬೆಯ ಲೋಟದಲ್ಲಿ ಅಷ್ಟು ಗಸಿ ಇಲ್ಲ. ನಿಂಬೆಯ ಸಿಟ್ರಿಕ್ ಆಸಿಡ್ ಕಬ್ಬಿಣದ ಕೈ ಹಿಡಿದು ಮುಳುಗದ ಹಾಗೆ ಇಟ್ಟುಕೊಂಡಿದೆ. ನಮ್ಮ ಬಾಟಲಿಯಲ್ಲಿ ಇಡಿಟಿಎ ಮಾಡೋ ಕೆಲಸವೂ ಅದೇ.

ಸಮುದ್ರದ ಪಿಎಚ್ 8ರ ಆಸುಪಾಸು. ನಮ್ಮ ಎರೆ ಹೊಲದ್ದೂ ಬಹುತೇಕ 8ರ ಮೇಲೆ. ಎರೆ ಮಣ್ಣಿನಲ್ಲಿ ಕಬ್ಬಿಣ ಇಲ್ಲವೇ? ರಾಶಿ ಇದೆ. ಆದರೂ ಶೇಂಗಾ, ಕಬ್ಬಿನ ಎಳೆ ಎಲೆ ಹಳದಿಯಾಗೋದನ್ನು ನೋಡಿಲ್ಲವೇ? ಬೀಗ ಹಾಕಿದ ಪೆಟ್ಟಿಗೆಯಲ್ಲಿನ ದುಡ್ಡದು. ಸಮುದ್ರಕ್ಕೂ ಮರಳುಗಾಡಿನ ಧೂಳಿನ ಜೊತೆ ಕಬ್ಬಿಣ ಬೀಳುತ್ತದೆ, ಆದರೆ ಬಹುಪಾಲು ಕರಗದೆ ಮುಳುಗಿ ಹೋಗುತ್ತದೆ. ಕರಗಿ ಉಳಿದಿರೋದರಲ್ಲಿ ನೂರಕ್ಕೆ ತೊಂಬತ್ತೊಂಬತ್ತು ಪಾಲು ನಿಂಬೆಹುಳಿಯಂಥ ಯಾವುದೋ ಸಾವಯವ ವಸ್ತುವಿನ ಕೈ ಹಿಡಿದೇ ಇರುತ್ತದೆ.

ಬೀಗ ಮುರಿಯೋ ಉಪಾಯಗಳೂ ಇವೆ. ಟ್ರೈಕೊಡೆಸ್ಮಿಯಂ ಗೊಂಚಲು ಧೂಳಿನ ಕಣವನ್ನು ಹಿಡಿದು, ಎಳೆಗಳ ಮೇಲೆ ಜಾರಿಸುತ್ತಾ ತನ್ನ ನಡುಮಧ್ಯಕ್ಕೆ ತಂದುಕೊಳ್ಳುತ್ತದೆ. ಕಬ್ಬಿಣ ಅಲ್ಲಿ ನಿಧಾನಕ್ಕೆ ಬಿಚ್ಚಿಕೊಳ್ಳುತ್ತದೆ. ರಂಜಕ ಕಮ್ಮಿಯಾದರೆ ಅದು ಸಾವಯವ ವಸ್ತುಗಳಿಂದ ಫಾಸ್ಫೇಟ್ ಕತ್ತರಿಸುವ ಕಿಣ್ವ ಹೊರಡಿಸುತ್ತದೆ. ಜೀವಕೋಶದ ಪೊರೆಯಲ್ಲಿ ರಂಜಕದ ಕೊಬ್ಬಿನ ಬದಲು ಗಂಧಕದ ಕೊಬ್ಬು ಹಾಕಿಕೊಂಡು ಉಳಿತಾಯ ಮಾಡುತ್ತದೆ. ಕ್ರೊಕೊಸ್ಫೇರಾ ಅನ್ನೋ ಸಮುದ್ರದ ಇನ್ನೊಂದು ನೀಲಿ-ಹಸಿರು ಪಾಚಿ ಇನ್ನೂ ಜಾಣ. ಹಗಲು ಬೆಳಕು ಹಿಡಿಯುವ ಯಂತ್ರದಲ್ಲಿ ಬಳಸಿದ ಕಬ್ಬಿಣವನ್ನೇ ಬಿಚ್ಚಿ, ರಾತ್ರಿ ಸಾರಜನಕ ಹಿಡಿಯೋ ಯಂತ್ರಕ್ಕೆ ಜೋಡಿಸುತ್ತದೆ. ಒಂದೇ ಎತ್ತಿನ ಜೋಡಿ, ಹಗಲು ರಂಟೆಗೆ, ರಾತ್ರಿ ಗಾಣಕ್ಕೆ.

ನಮ್ಮ ತೊಗರಿಯೂ ಕಮ್ಮಿಯಲ್ಲ. ಅದರ ಬೇರು ಪಿಸಿಡಿಕ್ ಆಸಿಡ್ ಅನ್ನೋ ಹುಳಿ ಬಿಟ್ಟು, ಕಬ್ಬಿಣಕ್ಕೆ ಅಂಟಿಕೊಂಡ ರಂಜಕವನ್ನು ಬಿಡಿಸಿಕೊಳ್ಳುತ್ತದೆ. ಹೈದರಾಬಾದ್ ಹತ್ತಿರದ ಪಟಾಂಚೇರುವಿನಲ್ಲಿರೋ ಇಕ್ರಿಸ್ಯಾಟ್ ಅನ್ನೋ ಕೃಷಿ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಇದನ್ನು 1990ರಲ್ಲಿ ಪ್ರಕಟಿಸಿದರು.

ಹೆಜ್ಜೆ 10: ಟಬ್ಬಿನಿಂದ ಸಮುದ್ರಕ್ಕೆ, ಎಚ್ಚರದಿಂದ

ಅಜೋಲ್ಲಾದ ಪಾಚಿಗೆ ಎಲೆಯ ಮನೆ ಇದೆ. ಸಾರಜನಕ ಹಿಡಿಯೋಕೆ ಆಮ್ಲಜನಕ ನುಸುಳದ, ದಪ್ಪ ಗೋಡೆಯ ಬೇರೆ ಕೋಶಗಳೂ ಇವೆ. ಟ್ರೈಕೊಡೆಸ್ಮಿಯಂಗೆ ಅಂಥ ಕೋಶಗಳೇ ಇಲ್ಲ. ಹಾಗಾಗಿ ಟಬ್ಬಿನಲ್ಲಿ ಕಂಡಿದ್ದೆಲ್ಲಾ ಸಮುದ್ರದಲ್ಲೂ ಹೀಗೇ ಅಂತ ಹೇಳಬೇಡಿ.

4ನೇ ಟಬ್ಬು ಇದಕ್ಕೆ ಒಳ್ಳೇ ಉದಾಹರಣೆ. ಎರಡೂ ಇಲ್ಲದ್ದು ನಮ್ಮಲ್ಲಿ ಎಲ್ಲಕ್ಕಿಂತ ಬಡವಾಗಿತ್ತು. ಯಾರಾದರೂ ಹಾಗೇ ಅಂದುಕೊಳ್ಳುತ್ತಾರೆ. ಆದರೆ ಟ್ರೈಕೊಡೆಸ್ಮಿಯಂ ಅನ್ನು ಲ್ಯಾಬಿನಲ್ಲಿ ಬಹಳ ಕಾಲ ರಂಜಕ, ಕಬ್ಬಿಣ ಎರಡೂ ಕಮ್ಮಿ ಇಟ್ಟು ಬೆಳೆಸಿದಾಗ, ಒಂದೇ ಕಮ್ಮಿ ಇದ್ದದ್ದಕ್ಕಿಂತ ಅದು ಚೆನ್ನಾಗಿ ಬೆಳೆಯಿತು. ಕೋಶಗಳು ತಮ್ಮ ಗಾತ್ರವನ್ನೇ ಕುಗ್ಗಿಸಿಕೊಂಡಿದ್ದವು. 2016ರಲ್ಲಿ ಇದು ಪ್ರಕಟವಾದಾಗ ನಾನು ಎರಡು ಸಲ ಓದಿದೆ.

ಸಮುದ್ರದಲ್ಲೂ ಊರಿಗೊಂದು ಕೊರತೆ. ಉತ್ತರ ಅಟ್ಲಾಂಟಿಕ್‌ಗೆ ಸಹಾರಾದ ಧೂಳು ಸುರಿಯುತ್ತದೆ. ಅಲ್ಲಿ ಕಬ್ಬಿಣಕ್ಕಿಂತ ರಂಜಕವೇ ಮೊದಲು ಮುಗಿಯೋದು ಜಾಸ್ತಿ. ಧೂಳು ತಲುಪದ ಪೆಸಿಫಿಕ್‌ನ ದೊಡ್ಡ ಭಾಗಗಳಲ್ಲಿ ಕಬ್ಬಿಣ ಮೊದಲು. ಪೂರ್ವ ಅಟ್ಲಾಂಟಿಕ್‌ನ ಉಷ್ಣವಲಯದಲ್ಲಿ ಹಡಗಿನ ಮೇಲೆ ಬಾಟಲಿಗಳಲ್ಲಿ ನಮ್ಮ ಥರದ್ದೇ ಪ್ರಯೋಗ ಮಾಡಿ 2004ರಲ್ಲಿ ಪ್ರಕಟಿಸಿದರು. ಕಬ್ಬಿಣ, ರಂಜಕ ಎರಡನ್ನೂ ಸೇರಿಸಿದಾಗ ಸಾರಜನಕ ಹಿಡಿಯೋ ಕೆಲಸ ಚುರುಕಾಯಿತು. ಸಹಾರಾದ ಧೂಳು ಉದುರಿಸಿದರೂ ಚುರುಕಾಯಿತು.

ಆರನೇ ಟಬ್ಬು ಹುಟ್ಟಿದ್ದೇ ಅದರಿಂದ. ಸಹಾರಾ ನಮಗೆಲ್ಲಿ ಸಿಗಬೇಕು? ಬೀದರಿನ ಸಹೋದ್ಯೋಗಿಯೊಬ್ಬರು ಊರಿಂದ ಬರುವಾಗ ಒಂದು ಪೊಟ್ಟಣ ಜಂಬಿಟ್ಟಿಗೆ ಮಣ್ಣು ತಂದರು. ಚಹಾಪುಡಿ ಕಟ್ಟಿದ ಹಾಗೆ ಕಾಗದದಲ್ಲಿ ಕಟ್ಟಿದ್ದರು. ಬೆರಳಿಗೆ ಹತ್ತಿದರೆ ಕುಂಕುಮ. ಅಷ್ಟು ಕೆಂಪು ಅಂದರೆ ಅಷ್ಟು ಕಬ್ಬಿಣ, ಅಜೋಲ್ಲಾ ಉಕ್ಕಿ ಬರುತ್ತದೆ ಅಂತ ಮಕ್ಕಳು ಪಣ ಕಟ್ಟಿದರು.

ಉಕ್ಕಲಿಲ್ಲ. ನಾಲ್ಕನೇ ವಾರಕ್ಕೆ 4ನೇ ಟಬ್ಬಿಗಿಂತ ಒಂದು ಛಾಯೆ ಹಸಿರು, ಆದರೆ ಎಲೆ ಅಷ್ಟೇ ಸಣ್ಣದು, ಅಂಚು ಅಷ್ಟೇ ಕೆಂಪು, ಬೇರು ಅಷ್ಟೇ ಉದ್ದ. ಬಣ್ಣ ನೋಡಿ ಹೇಳೋದಾದರೆ ಕಬ್ಬಿಣ ಸ್ವಲ್ಪ ಬಿಚ್ಚಿಕೊಂಡಿದೆ, ರಂಜಕ ಇಲ್ಲ. ಜಂಬಿಟ್ಟಿಗೆ ಮಣ್ಣಿನ ಕಬ್ಬಿಣ ರಂಜಕವನ್ನು ಕಚ್ಚಿ ಹಿಡಿದುಕೊಳ್ಳುತ್ತದೆ. ಆ ದಿನವೇ ಅದೇ ಟಬ್ಬಿಗೆ ರಂಜಕದ ಬಾಟಲಿಯಿಂದ 2 ಮಿ.ಲೀ. ಹಾಕಿದೆವು. ಮುಂದಿನ ಸೋಮವಾರ ಹುಡುಗರು ಪಾಠಕ್ಕೆ ಮುಂಚೆಯೇ ಮಾಳಿಗೆ ಹತ್ತಿದ್ದರು. ಕೆಂಪು ಎಲೆಗಳ ನಡುವೆ ಹೊಸ ಹಸಿರು ಚಿಗುರು ಬಂದಿತ್ತು.

ಮುಗಿದ ಮೇಲೆ ಅಜೋಲ್ಲಾವನ್ನು ಕೆರೆಗೆ ಎಸೆಯಬೇಡಿ. ನೀರಿನ ಮೇಲೆ ಹಾಸಿಗೆ ಹಾಕಿಬಿಡುತ್ತದೆ. ಗಿಡದ ಬುಡಕ್ಕೆ ಹಾಕಿ ಮಣ್ಣು ಮುಚ್ಚಿ.